ಪಾಕೆಟ್ಟಿನ ಎರಡನೆಯ ಗೋಡೆ

ವಸಡಿನ ಚಿಕಿತ್ಸೆಯನ್ನೇ ವೃತ್ತಿಯಾಗಿ ಆರಿಸಿಕೊಂಡ ಮೊದಲ ವರ್ಷಗಳಲ್ಲಿ ನನಗೊಂದು ನಂಬಿಕೆ ಬಲವಾಗಿತ್ತು: ಹಲ್ಲಿನ ಬೇರಿಗೆ ಅಂಟಿದ ಪ್ಲಾಕನ್ನೂ (ಬ್ಯಾಕ್ಟೀರಿಯಾಗಳ ಅಂಟು ಪದರ) ಗಾರೆಯನ್ನೂ (ಗಟ್ಟಿಗಟ್ಟಿದ ಪ್ಲಾಕ್) ಪೂರ್ತಿಯಾಗಿ ತೆಗೆದರೆ ವಸಡು ತಾನಾಗಿಯೇ ಮಾಗುತ್ತದೆ. ಹೆಚ್ಚಿನ ರೋಗಿಗಳಲ್ಲಿ ಹಾಗೆಯೇ ಆಗುತ್ತಿದ್ದುದರಿಂದ ಆ ನಂಬಿಕೆಯನ್ನು ಪ್ರಶ್ನಿಸುವ ಸಂದರ್ಭ ಬಂದಿರಲಿಲ್ಲ.

ಧೂಮಪಾನದ ಅಭ್ಯಾಸವಾಗಲಿ ಮಧುಮೇಹವಾಗಲಿ ಇಲ್ಲದ ಒಬ್ಬ ಮಹಿಳೆಯ ಕೆಳದವಡೆಯಲ್ಲಿ, ಒಂದು ದವಡೆಹಲ್ಲಿನ ಪಕ್ಕದಲ್ಲಿ, 7 ಮಿಲಿಮೀಟರ್ ಆಳದ ಪಾಕೆಟ್, ಎಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಉಂಟಾದ ಸಂದು, ಇತ್ತು. ಎರಡು ಬಾರಿ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್ (ಗಾರೆಯನ್ನು ಕೆರೆದು ತೆಗೆದು ಬೇರನ್ನು ನುಣುಪಾಗಿಸುವುದು) ಮಾಡಿದ ಮೇಲೆ ಬೇರು ಉಪಕರಣದ ತುದಿಗೆ ನುಣುಪಾಗಿ ತಾಗುತ್ತಿತ್ತು. ಆದರೂ ಆಳ ಅಳೆಯುವ ಕಡ್ಡಿಯಾದ ಪ್ರೋಬ್ ಇಳಿಸಿದ ಕೂಡಲೇ ಅದೇ ಜಾಗದಲ್ಲಿ ರಕ್ತ ಬರುತ್ತಿತ್ತು. ಮೂರನೆಯ ಬಾರಿ ಕೆರೆಯುವ ಉಪಕರಣವಾದ ಕ್ಯುರೆಟ್ ಕೈಗೆತ್ತಿಕೊಂಡಾಗ ಅವರು ಕೇಳಿದರು: “ಹಲ್ಲು ಶುಚಿಯಾಗಿದೆ ಎಂದು ನೀವೇ ಹೇಳುತ್ತೀರಿ ಡಾಕ್ಟರೇ, ಮತ್ತೆ ರಕ್ತ ಏಕೆ ಬರುತ್ತದೆ?” ನನ್ನ ಬಳಿ ಉತ್ತರವಿರಲಿಲ್ಲ. ಅಂದು ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: “ಪಾಕೆಟ್ಟಿಗೆ ಎರಡು ಗೋಡೆಗಳಿವೆ. ನೀವು ಹಲ್ಲಿನ ಕಡೆಯ ಗೋಡೆಯನ್ನು ಮಾತ್ರ ಯೋಚಿಸುತ್ತಿದ್ದೀರಿ.”

ಓದುವಾಗ ಪರೀಕ್ಷೆಗೆಂದು ಕಲಿತಿದ್ದ ವಿಷಯವನ್ನು ಆ ರಾತ್ರಿ ಬೇರೆಯೇ ಗಮನದಿಂದ ಓದಿದೆ. ಹಲ್ಲಿಗೆ ಅಂಟಿಕೊಂಡಿರುವ ವಸಡಿನ ಒಳಪದರವು ಹೊರವಸಡಿನಂತೆ ಗಟ್ಟಿಯಾದುದಲ್ಲ; ಅದರಲ್ಲಿ ಗಟ್ಟಿತನ ಕೊಡುವ ಕೆರಟಿನ್ ಎಂಬ ಪ್ರೋಟೀನಿನ ಪದರ ಇಲ್ಲ, ಜೀವಕೋಶಗಳ ನಡುವಿನ ಸಂದುಗಳು ಅಗಲ. ರಕ್ತದ ಬಿಳಿ ಕಣಗಳು ಸೂಕ್ಷ್ಮಾಣುಗಳನ್ನು ಎದುರಿಸಲು ಹೊರಬರುವುದು ಇದೇ ಸಂದುಗಳ ಮೂಲಕ. ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಜಿಂಜಿಪೈನ್ ಎಂಬ ಕಿಣ್ವಗಳು ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಪ್ರೋಟೀನುಗಳನ್ನೇ ಕತ್ತರಿಸಿ ಆ ದಾರಿಯನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಅಷ್ಟೇ ಅಲ್ಲ, ಆ ಬ್ಯಾಕ್ಟೀರಿಯಾ ತನ್ನ ಮೇಲ್ಮೈಯ ಸೂಕ್ಷ್ಮ ಎಳೆಗಳಿಂದ ಜೀವಕೋಶದ ಇಂಟೆಗ್ರಿನ್ ಎಂಬ ಗ್ರಾಹಕವನ್ನು ಹಿಡಿದುಕೊಂಡಾಗ, ಜೀವಕೋಶವು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದ ತನ್ನ ಒಳಚೌಕಟ್ಟನ್ನು ತಾನೇ ಮರುಜೋಡಿಸಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಈ ಪ್ರವೇಶಕ್ಕೆ ಸುಮಾರು 20 ನಿಮಿಷ ಸಾಕಾಗಿದೆ. ಒಳಹೊಕ್ಕ ಮೇಲೆ ಅದು ಜೀವಕೋಶವನ್ನು ತಕ್ಷಣ ಕೊಲ್ಲುವುದಿಲ್ಲ; ಅಲ್ಲೇ ಬದುಕಿಕೊಂಡು, ಹೊರಗೆ ಬಾರದೆಯೇ ಪಕ್ಕದ ಜೀವಕೋಶಕ್ಕೂ ದಾಟಬಲ್ಲದು. ಹೀಗೆ ಒಳಗಿರುವುದನ್ನು ಪ್ರತಿಕಾಯಗಳು ಮುಟ್ಟಲಾರವು, ಕ್ಯುರೆಟ್ಟಿನ ಅಂಚಂತೂ ತಲುಪುವುದೇ ಇಲ್ಲ. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಕೂಡ ಅಂಗಾಂಶದೊಳಕ್ಕೆ ಹೋಗಬಲ್ಲದು. ಅಗ್ರಿಗೇಟಿಬ್ಯಾಕ್ಟರ್ ಪ್ರಭೇದವೊಂದು ಬಿಳಿ ಕಣಗಳನ್ನು ಕೊಲ್ಲುವ ವಿಷವನ್ನೇ ತಯಾರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಳೆ ಕರಗುವುದು ಮುಖ್ಯವಾಗಿ ನಮ್ಮದೇ ಉರಿಯೂತದಿಂದ, ಅದು ಪ್ರಚೋದಿಸುವ ಮೂಳೆ ಕರಗಿಸುವ ಜೀವಕೋಶಗಳಿಂದ. ಆದ್ದರಿಂದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಇದೆ ಎಂಬ ಒಂದೇ ಮಾತಿನಿಂದ ಇಡೀ ರೋಗವನ್ನು ವಿವರಿಸಲಾಗದು. ಹಾಗೆಯೇ, ಆಳವಾದ ಪಾಕೆಟ್ಟಿನಲ್ಲಿ ಕೈಗೆ ನುಣುಪೆನಿಸಿದ ಬೇರಿನ ಮೇಲೂ ಗಾರೆ ಉಳಿದಿರುವುದು ಸಾಮಾನ್ಯ.

ಆ ಮಹಿಳೆಯ ವಿಷಯದಲ್ಲಿ ಎರಡೂ ಇದ್ದವೆಂದೇ ನನ್ನ ಅನಿಸಿಕೆ. ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಮಾಡಿ ವಸಡನ್ನು ಬಿಡಿಸಿ ನೋಡಿದಾಗ ಬೇರುಗಳು ಕವಲೊಡೆಯುವಲ್ಲಿ ಗಾರೆಯ ತೆಳುವಾದ ಗೆರೆಯೊಂದು ಕಾಣಿಸಿತು. ಎದುರಿನ ಗೋಡೆಯ ಉರಿಯೂತಕ್ಕೊಳಗಾದ ಅಂಗಾಂಶ ಮೆದುವಾಗಿ, ಮುಟ್ಟಿದರೆ ಒಸರುವಂತಿತ್ತು. ಎರಡನ್ನೂ ತೆಗೆದೆ. ಅಂಗಾಂಶವನ್ನು ಪರೀಕ್ಷೆಗೆ ಕಳುಹಿಸದೆ ಇದ್ದುದರಿಂದ ಅದರೊಳಗೆ ಏನಿತ್ತೆಂದು ಖಚಿತವಾಗಿ ಹೇಳಲಾರೆ, ಮತ್ತು ಕಳುಹಿಸಬೇಕಿತ್ತು ಎಂಬ ವಿಷಾದ ಇಂದಿಗೂ ಇದೆ. ಪ್ರತಿಜೀವಕ ಕೊಡಲಿಲ್ಲ, ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಜೋಡಿಯನ್ನು ನಾನು ಆಯ್ದ ತೀವ್ರ ಪ್ರಕರಣಗಳಿಗೆ ಮಾತ್ರ, ಅದೂ ಪ್ಲಾಕಿನ ಪದರವನ್ನು ಮೊದಲು ಒಡೆದ ನಂತರವೇ ಬಳಸುತ್ತೇನೆ.

ಅಂದಿನಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳವನ್ನೂ ರಕ್ತಸ್ರಾವವನ್ನೂ ಬರೆದಿಡುತ್ತೇನೆ, ಮತ್ತು ಅದೇ ಜಾಗ ಮತ್ತೆ ಮತ್ತೆ ರಕ್ತ ಸುರಿಸಿದರೆ ಕ್ಯುರೆಟ್ ಎತ್ತಿಕೊಳ್ಳುವ ಮೊದಲು ಕಾರಣವನ್ನು ಹುಡುಕುತ್ತೇನೆ. ಆರು ತಿಂಗಳ ನಂತರ ಅವರ ಪಾಕೆಟ್ 4 ಮಿಲಿಮೀಟರಿಗೆ ಇಳಿದಿತ್ತು, ಪ್ರೋಬ್‌ಗೆ ರಕ್ತ ಬರಲಿಲ್ಲ. ಆ ದಿನ ಒಂದು ಹಾಳೆಯ ಮೇಲೆ ಹಲ್ಲನ್ನೂ ವಸಡನ್ನೂ ಅವುಗಳ ನಡುವಿನ ಕಿರಿದಾದ ಸಂದನ್ನೂ ಬರೆದು ತೋರಿಸಿ, ಅವರು ಅಂದು ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳಿದೆ.