ಮನೆಯ ಕನ್ನಡಕ್ಕೂ ಕಾಲೇಜಿನ ಕ್ರೆಡಿಟ್ ಸಿಗುತ್ತದೆ, ಕೇಳಿ ಪಡೆಯಿರಿ

ಮಗು ಒಂಬತ್ತನೇ ಕ್ಲಾಸಿಗೆ ಬಂದ ವರ್ಷವೇ ನಮ್ಮ ಭಾನುವಾರದ ಕನ್ನಡ ಕ್ಲಾಸು ಬಿಡಿಸುವವರು ಜಾಸ್ತಿ. "ಇನ್ನು ಎಪಿ ಶುರುವಾಗುತ್ತೆ ಮೇಡಂ, ಮಾರ್ಚಿಂಗ್ ಬ್ಯಾಂಡ್ ಬೇರೆ, ಟೈಮೇ ಇಲ್ಲ" ಅನ್ನುತ್ತಾರೆ. (ಎಪಿ ಅಂದರೆ ಹೈಸ್ಕೂಲಿನಲ್ಲೇ ಓದಿ ಪರೀಕ್ಷೆ ಬರೆಯುವ ಕಾಲೇಜು ಮಟ್ಟದ ಕೋರ್ಸು.) ಅವರ ಕಷ್ಟ ನನಗೆ ಗೊತ್ತು. ನಮ್ಮ ಮನೆಯಲ್ಲೂ ಇಬ್ಬರು ಇಲ್ಲೇ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದವರು. ಆದರೂ ಕನ್ನಡ ಬಿಡಿಸಲೇಬಾರದ ವರ್ಷ ಅಂತ ಒಂದಿದ್ದರೆ ಅದು ಇದೇ. ಪ್ರತಿ ವರ್ಷ ಬಾಯಲ್ಲಿ ಹೇಳುತ್ತಿದ್ದೆ. ಈ ಸಲ ಬರೆದುಬಿಡೋಣ ಅನ್ನಿಸಿತು.

ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಇಲಿನಾಯ್ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸುವ ಮಕ್ಕಳಿಗೆ 'ಸೀಲ್ ಆಫ್ ಬೈಲಿಟರೆಸಿ' ಅಂತ ಒಂದು ಮನ್ನಣೆ ಇದೆ. ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯನ್ನೂ ಚೆನ್ನಾಗಿ ಬಲ್ಲೆ ಅಂತ ತೋರಿಸಿಕೊಟ್ಟರೆ ಡಿಪ್ಲೊಮಾದಲ್ಲಿ, ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂದರೆ ಅಂಕಪಟ್ಟಿಯಲ್ಲಿ) ಅದು ದಾಖಲಾಗುತ್ತದೆ. ಆ ಇನ್ನೊಂದು ಭಾಷೆಯನ್ನು ಅದೇ ಸ್ಕೂಲಿನಲ್ಲಿ ಕಲಿತಿರಬೇಕು ಅಂತ ಏನೂ ಇಲ್ಲ. ಅಮ್ಮನ ಹತ್ತಿರ ಕಲಿತಿದ್ದರೂ ಆಯಿತು. ಅಜ್ಜಿಯ ಹತ್ತಿರ ಕಲಿತಿದ್ದರೂ ಆಯಿತು.

ಇದು ಮೊದಲು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, 2011ರ ಕಾನೂನಿನಿಂದ. ಅದೇ ರಾಜ್ಯದಲ್ಲಿ 1998ರಲ್ಲಿ ಜನ ಮತ ಹಾಕಿ ಶಾಲೆಗಳಲ್ಲಿ ಎರಡು ಭಾಷೆಯಲ್ಲಿ ಕಲಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದ್ದರು. ಆ ಕಟ್ಟು ಸಡಿಲವಾದದ್ದು 2016ರಲ್ಲಿ. ಮನೆಮಾತು ಬೇರೆ ಇದ್ದರೆ ಅದೊಂದು ಕೊರತೆ ಅಂತ ಶಾಲೆಗಳು ನೋಡುತ್ತಿದ್ದ ಕಾಲದಲ್ಲೇ, ಅಲ್ಲ, ಅದು ಮಗುವಿನ ಬಲ ಅಂತ ಕೆಲವರು ಪಟ್ಟು ಹಿಡಿದು ಈ ಮುದ್ರೆಯನ್ನು ತಂದರು. ಇಲಿನಾಯ್ ಕಾನೂನು 2013ರದು. ಈಗ ಐವತ್ತೂ ರಾಜ್ಯಗಳಲ್ಲಿ ಇದೆ.

ಈ ಹಿನ್ನೆಲೆ ಯಾಕೆ ಹೇಳಿದೆ ಅಂದರೆ, ನಮ್ಮವರಲ್ಲಿ ಎಷ್ಟೋ ಜನ ಇದನ್ನು ಕಾಲೇಜು ಅರ್ಜಿಗೆ ಸೇರಿಸುವ ಇನ್ನೊಂದು ಅಲಂಕಾರ ಅಂದುಕೊಂಡಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕ್ಲಾಸಿಗೆ ತುಮಕೂರಿನಿಂದ ಬಂದ ಒಬ್ಬ ಹುಡುಗ ಇದ್ದ. ಎಂಟನೇ ಕ್ಲಾಸಿನ ನಡುವೆ ಇಲ್ಲಿಗೆ ಬಂದವನು. ಅಲ್ಲಿ ಓದಿದ್ದು ಕನ್ನಡ ಮೀಡಿಯಂ. ಇಲ್ಲಿ ಬಂದ ತಕ್ಷಣ ಅವನನ್ನು 'ಇಂಗ್ಲಿಷ್ ಕಲಿಯುತ್ತಿರುವವನು' ಅನ್ನುವ ಪಟ್ಟಿಗೆ ಸೇರಿಸಿದರು. ಸಹಾಯ ಮಾಡುವುದಕ್ಕೇ ಸೇರಿಸಿದ್ದು, ನಿಜ. ಆದರೆ ಹದಿಮೂರು ವರ್ಷದ ಹುಡುಗನಿಗೆ ಅದು ನಾಚಿಕೆಯ ವಿಷಯ. ತರಗತಿಗೇ ಜೋರಾಗಿ ಪದ್ಯ ಓದುತ್ತಿದ್ದವನು ಬಾಯಿ ಬಿಡುವುದನ್ನೇ ಬಿಟ್ಟ. ನಾಲ್ಕು ವರ್ಷ ಆದ ಮೇಲೆ ಅದೇ ಹುಡುಗನ ಹೆಸರನ್ನು ಸ್ಕೂಲಿನ ಸಮಾರಂಭದಲ್ಲಿ ಕರೆದು, ಇವನಿಗೆ ಎರಡು ಭಾಷೆ ಬರುತ್ತದೆ ಅಂದರು. ಅವರಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಅವತ್ತು ಅವರ ಮುಖ ನೋಡಿದ ಮೇಲೆ ಇದನ್ನು ಬರೀ ಅಲಂಕಾರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಕ್ರೆಡಿಟ್ ವಿಷಯ. ಕ್ರೆಡಿಟ್ ಅಂದರೆ ಒಂದು ಕೋರ್ಸು ಮುಗಿಸಿದ್ದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಅಂಕ. ಸ್ಪ್ಯಾನಿಷ್ ಓದುವ ಮಗುವಿಗೆ ಎಪಿ ದಾರಿ ಇದೆ. ಎಪಿಯಲ್ಲಿ ಫ್ರೆಂಚ್, ಜರ್ಮನ್, ಇಟಾಲಿಯನ್, ಚೈನೀಸ್, ಜಪಾನೀಸ್, ಲ್ಯಾಟಿನ್ ಎಲ್ಲ ಇವೆ. ಭಾರತದ ಭಾಷೆ ಒಂದೂ ಇಲ್ಲ. ಹಾಗಾಗಿ ಕನ್ನಡದ ಮಗುವಿಗೆ ಈ ಸೀಲ್ ದೊಡ್ಡ ದಾರಿ. ಇಲಿನಾಯ್ ಕಾನೂನು ಎರಡು ಮಾತು ಹೇಳುತ್ತದೆ. ಒಂದು, ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳು ಮತ್ತು ಕಮ್ಯುನಿಟಿ ಕಾಲೇಜುಗಳು ಈ ಸೀಲನ್ನು ಹೈಸ್ಕೂಲಿನಲ್ಲಿ ಎರಡು ವರ್ಷ ಭಾಷೆ ಓದಿದ್ದಕ್ಕೆ ಸಮ ಅಂತ ಒಪ್ಪಬೇಕು. ಇನ್ನೊಂದು, ಕಾಲೇಜಿಗೆ ಸೇರಿದ ವಿದ್ಯಾರ್ಥಿ ಕೇಳಿದರೆ ಭಾಷೆಯ ಕೋರ್ಸಿನ ಕ್ರೆಡಿಟ್ ಕೊಡಬೇಕು. ಎಷ್ಟು ಕ್ರೆಡಿಟ್ ಅನ್ನುವುದನ್ನು ಆಯಾ ಕಾಲೇಜಿನ ಅಧ್ಯಾಪಕರು ತೀರ್ಮಾನಿಸುತ್ತಾರೆ. 'ಕೇಳಿದರೆ' ಅನ್ನುವುದಕ್ಕೆ ದಯವಿಟ್ಟು ಗಮನ ಕೊಡಿ. ತಾನಾಗೇ ಬರುವುದಿಲ್ಲ.

ಮಿನ್ನೆಸೋಟದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೇಳುವ ಪ್ರಕಾರ ಅಲ್ಲಿಯ ಲೆಕ್ಕ ಇನ್ನೂ ಸ್ಪಷ್ಟ. ಮಿನ್ನೆಸೋಟ ಸ್ಟೇಟ್ ಕಾಲೇಜುಗಳಲ್ಲಿ ಮೊದಲ ಮಟ್ಟದ ಸರ್ಟಿಫಿಕೇಟಿಗೆ ಎರಡು ಸೆಮಿಸ್ಟರಿನ ಕ್ರೆಡಿಟ್, ಗೋಲ್ಡ್ ಸೀಲಿಗೆ ಮೂರು, ಪ್ಲಾಟಿನಂಗೆ ನಾಲ್ಕು. ಇಲ್ಲಿಯ ಫೀಸು ಕಟ್ಟುವವರಿಗೆ ನಾಲ್ಕು ಸೆಮಿಸ್ಟರಿನ ಕೋರ್ಸ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ಪರೀಕ್ಷೆ. ನಮ್ಮ ಮಕ್ಕಳು ಬರೆಯುವುದು ಅವಂಟ್ ಸಂಸ್ಥೆಯ ಸ್ಟಾಂಪ್ ಡಬ್ಲ್ಯುಎಸ್. ಕನ್ನಡದಲ್ಲಿ ಟೈಪ್ ಮಾಡಿ ಬರೆಯಬೇಕು, ಮೈಕಿನಲ್ಲಿ ಮಾತಾಡಿ ರೆಕಾರ್ಡ್ ಮಾಡಬೇಕು. ಇಲಿನಾಯ್‌ನಲ್ಲಿ ಸೀಲ್ ಸಿಗಲು 'ಇಂಟರ್‌ಮೀಡಿಯೆಟ್ ಹೈ' ಮಟ್ಟ ಮುಟ್ಟಬೇಕು. ಅಷ್ಟು ಆಗದೆ 'ಇಂಟರ್‌ಮೀಡಿಯೆಟ್ ಲೋ' ಮುಟ್ಟಿದರೆ 'ಕಮೆಂಡೇಷನ್' ಅಂತ ಒಂದು ಪ್ರಶಂಸೆ ಇದೆ. ಅದೂ ಒಳ್ಳೆಯದೇ. ಆದರೆ ಕಾನೂನು ಕ್ರೆಡಿಟ್ ಕೊಡಿ ಅನ್ನುವುದು ಸೀಲಿಗೆ.

ಈ ಎರಡು ಮಟ್ಟಗಳ ನಡುವಿನ ದೂರ ಎಷ್ಟು ಅಂತ ತಂದೆತಾಯಿಗೆ ಅರ್ಥವಾಗುವುದಿಲ್ಲ. "ನಮ್ಮ ಮಗಳು ಮನೆಯಲ್ಲಿ ಚೆನ್ನಾಗಿ ಮಾತಾಡ್ತಾಳೆ ಮೇಡಂ" ಅನ್ನುತ್ತಾರೆ. ಮಾತಾಡುತ್ತಾಳೆ, ಸರಿ. "ಊಟ ಆಯ್ತಾ? ಹೂಂ. ಪಲ್ಯ ಬೇಡ." ಇಷ್ಟರಲ್ಲೇ ದಿನ ಮುಗಿಯುತ್ತದೆ. ಬೇಸಿಗೆ ರಜೆಯ ಬಗ್ಗೆ ಬರೆ ಅಂದರೆ ಹೀಗೆ ಬರುತ್ತದೆ: "ನಾನು ಹಾಸನಕ್ಕೆ ಹೋದೆ. ಅಲ್ಲಿ ಅಜ್ಜಿ ಇದ್ದಾರೆ. ದೋಸೆ ತಿಂದೆ. ತುಂಬಾ ಚೆನ್ನಾಗಿತ್ತು." ಒಂದೂ ತಪ್ಪಿಲ್ಲ. ಆದರೆ ಮೇಲಿನ ಮಟ್ಟಕ್ಕೆ ಇದು ಸಾಲದು. ಅಲ್ಲಿ ಬೇಕಾದದ್ದು ಆದದ್ದನ್ನು ಕೊಂಡಿ ಹಾಕಿ ಹೇಳುವ ಶಕ್ತಿ. ಅದೇ ಹುಡುಗಿ ಒಂದು ವರ್ಷ ಕಳೆದ ಮೇಲೆ ಬರೆದದ್ದು ನೋಡಿ: "ನಾವು ಹೋದ ದಿನ ಮಳೆ ಬಂದು ಕರೆಂಟ್ ಹೋಗಿತ್ತು. ಮಿಕ್ಸಿ ಓಡಲಿಲ್ಲ. ಅದಕ್ಕೆ ಅಜ್ಜಿ ಒರಳಿನಲ್ಲಿ ಚಟ್ನಿ ರುಬ್ಬಲು ಕೂತರು. ನಾನು ಕಾಯಿ ತುರಿದುಕೊಟ್ಟೆ. ಕರೆಂಟ್ ಇದ್ದಿದ್ದರೆ ನನಗೆ ಒರಳು ಅಂದರೆ ಏನು ಅಂತ ಗೊತ್ತಾಗುತ್ತಲೇ ಇರಲಿಲ್ಲ." ಈ ಕೊನೆಯ ಸಾಲು ಓದಿ ನಾನು ಕುರ್ಚಿಯಿಂದ ಎದ್ದುನಿಂತೆ. 'ಇದ್ದಿದ್ದರೆ', 'ಗೊತ್ತಾಗುತ್ತಲೇ ಇರಲಿಲ್ಲ'. ಇದನ್ನು ವ್ಯಾಕರಣದ ಪಟ್ಟಿ ಕೊಟ್ಟು ಕಲಿಸಲು ಆಗುವುದಿಲ್ಲ. ಆ ಇಡೀ ವರ್ಷ ಅವಳ ಅಪ್ಪ ಕಾರಿನಲ್ಲಿ ಸಂಗೀತ ಕ್ಲಾಸಿಗೆ ಬಿಡುವಾಗೆಲ್ಲ "ಇವತ್ತು ಸ್ಕೂಲಲ್ಲಿ ಏನಾಯ್ತು, ಪೂರ್ತಿ ಕಥೆ ಹೇಳು" ಅಂತ ಕೂರುತ್ತಿದ್ದರು. ಇಂಗ್ಲಿಷಿಗೆ ಜಾರಿದರೆ ಬೈಯುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದರು. ಅಷ್ಟೇ.

ಟೈಪಿಂಗ್ ಬಗ್ಗೆ ಒಂದು ಮಾತು. ಕೈಯಲ್ಲಿ ಮುದ್ದಾಗಿ ಬರೆಯುವ ಮಕ್ಕಳೂ ಕೀಬೋರ್ಡ್ ಮುಂದೆ ಕಂಗಾಲಾಗುತ್ತಾರೆ. ಮುಖ್ಯವಾಗಿ ಅರ್ಕಾವೊತ್ತು. 'ಸೂರ್ಯ' ಬರೆಯುವಾಗ ಕಣ್ಣಿಗೆ ಮೊದಲು ಕಾಣುವುದು ಯ. ಆದರೆ ಒತ್ತಬೇಕಾದದ್ದು ಮೊದಲು ರ. 'ಕಾರ್ಯಕ್ರಮ' ಅನ್ನುವ ಒಂದೇ ಪದದಲ್ಲಿ ಅರ್ಕಾವೊತ್ತೂ ಇದೆ, ರ ಒತ್ತೂ ಇದೆ. ನಮ್ಮ ಮಕ್ಕಳಿಗೆ ಅದೇ ಅಭ್ಯಾಸದ ಪದ. ಪರೀಕ್ಷೆಯ ದಿನ ಯೋಚನೆ ಕಥೆಯ ಮೇಲೆ ಇರಬೇಕೇ ಹೊರತು ಕೀಲಿಗಳ ಮೇಲೆ ಅಲ್ಲ. ಆರು ತಿಂಗಳು ಮೊದಲೇ ಅಜ್ಜ-ಅಜ್ಜಿಗೆ ವಾಟ್ಸಾಪಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಕಳಿಸಲು ಹೇಳಿ. ಅಲ್ಲಿಂದ ಬರುವ ಉತ್ತರಗಳೂ ಪಾಠವೇ.

ಧಾರವಾಡ ಕಡೆಯ ಮನೆಯ ಹುಡುಗಿಯೊಬ್ಬಳು "ಆಂಟಿ, ನಾನು ಮಾತಾಡೋದು ತಪ್ಪು ಕನ್ನಡ ಅಲ್ವಾ?" ಅಂತ ಕೇಳಿದಳು. ಯಾರೋ ಕ್ಲಾಸಿನಲ್ಲೇ ನಕ್ಕಿದ್ದರಂತೆ. ಅವಳನ್ನು ಕೂರಿಸಿಕೊಂಡು, ನಿನ್ನ ಅವ್ವ ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡು ಅಂದೆ. 'ಮಾಡಾಕತ್ತೀನಿ' ಅಂದರೂ ಕನ್ನಡವೇ, 'ಮಾಡ್ತಾ ಇದೀನಿ' ಅಂದರೂ ಕನ್ನಡವೇ. ಬರೆಯುವಾಗ ಮಾತ್ರ ಪುಸ್ತಕದ ರೂಪ ಗೊತ್ತಿರಲಿ. ಮಕ್ಕಳಿಗೆ ನಿಜಕ್ಕೂ ಕಲಿಸಬೇಕಾದದ್ದು 'ನೀವು' ಬಳಸುವುದನ್ನು. ಮನೆಯಲ್ಲಿ ಎಲ್ಲರಿಗೂ 'ನೀನು' ಅಂದುಕೊಂಡೇ ಬೆಳೆದವರು, ಟೀಚರಿಗೆ ಪತ್ರ ಬರೆ ಅಂದಾಗಲೂ "ನೀನು ಯಾವಾಗ ಬರುತ್ತೀಯ" ಅಂತ ಬರೆಯುತ್ತಾರೆ.

ಒಂಬತ್ತನೇ ಕ್ಲಾಸಿನಲ್ಲೇ ಕೌನ್ಸೆಲರ್ ಹತ್ತಿರ ಹೋಗಿ. ಕನ್ನಡ ಅಂದರೆ ಅವರಿಗೆ ಗೊತ್ತಿಲ್ಲದೇ ಇರಬಹುದು. ಒಬ್ಬರು "ಹಿಂದಿ ಇದೆಯಲ್ಲ, ಅದನ್ನೇ ತಗೊಳ್ಳಿ" ಅಂದದ್ದೂ ಉಂಟು. ಬೇಸರ ಮಾಡಿಕೊಳ್ಳಬೇಡಿ. ಕನ್ನಡದ ಪರೀಕ್ಷೆ ಇದೆ ಅಂತ ತೋರಿಸಿ, ಲಿಖಿತವಾಗಿ ಕೇಳಿ. ಪರೀಕ್ಷೆಯನ್ನು ಸ್ಕೂಲೇ ನಡೆಸುತ್ತದೋ, ಫೀಸು ಯಾರು ಕಟ್ಟಬೇಕು, ಯಾವ ತಿಂಗಳಿನ ಒಳಗೆ ಫಲಿತಾಂಶ ಕೊಡಬೇಕು, ಈ ಮೂರನ್ನೂ ಆಗಲೇ ಬರೆದುಕೊಳ್ಳಿ. ಹನ್ನೊಂದನೇ ಕ್ಲಾಸಿನಲ್ಲೇ ಪರೀಕ್ಷೆ ಬರೆಯಲು ಬಿಟ್ಟರೆ ಅದೇ ವಾಸಿ. ಹನ್ನೆರಡರಲ್ಲಿ ಕಾಲೇಜು ಅರ್ಜಿಗಳ ಗಲಾಟೆ. ಇಂಗ್ಲಿಷಿನ ಅರ್ಹತೆಯನ್ನೂ ಮರೆಯಬೇಡಿ, ಸೀಲಿಗೆ ಎರಡೂ ಬೇಕು.

ಹೊರ ರಾಜ್ಯದ ಕಾಲೇಜಿಗೋ ಖಾಸಗಿ ಕಾಲೇಜಿಗೋ ಹೋಗುವವರಿಗೆ ಇಲಿನಾಯ್ ಕಾನೂನು ಅನ್ವಯಿಸುವುದಿಲ್ಲ. ಸೇರುವ ಮುಂಚೆ ಆ ಕಾಲೇಜಿನವರನ್ನೇ ಕೇಳಬೇಕು. ಇಲ್ಲಿಯ ಸರಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದವರು ಹೈಸ್ಕೂಲ್ ಮುಗಿದ ಮೂರು ಶೈಕ್ಷಣಿಕ ವರ್ಷಗಳ ಒಳಗೆ ಕ್ರೆಡಿಟ್ ಕೇಳಬೇಕು, ಆಮೇಲೆ ಹೋದರೆ ಇಲ್ಲ. ಹಾಗಾಗಿ ಮೊದಲ ವರ್ಷದಲ್ಲೇ, ಕೋರ್ಸುಗಳನ್ನು ಆರಿಸುವ ಮುಂಚೆ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಸೀಲ್ ನಮೂದಾಗಿದೆಯಾ ನೋಡಿಕೊಂಡು ಅಡ್ವೈಸರ್‌ಗೆ ಒಂದು ಇಮೇಲ್ ಹಾಕಲು ಮಗುವಿಗೆ ಹೇಳಿ.