ಯೊಕೊಹಾಮಾ ಕವರ್: ಉಳಿದದ್ದು ಎರಡೇ ನವೆಂಬರ್

ಒಂದು ಹಳೆಯ ಅಂಚೆ ಕವರ್ ಯಾವ ವರ್ಷದ್ದೆಂದು ಪತ್ತೆಮಾಡಲು ಹುಡುಕುತ್ತಿದ್ದ ಗೆರೆ ಕೊನೆಗೂ ಕಾಣಿಸಿತು! ಜೆಫರ್ಸನ್ ಚಿತ್ರವಿರುವ, ಹತ್ತು ಸೆಂಟಿನ ಕಂದು ಅಮೆರಿಕನ್ ಸ್ಟಾಂಪು, ಮೇಲಿನ ಪಟ್ಟಿಯ ಬಲತುದಿಯ ಸುರುಳಿ, ಅದರೊಳಗೆ ಒಂದು ಪುಟ್ಟ ಅರ್ಧಚಂದ್ರ. ಠಸ್ಸೆಯ ಕಪ್ಪು ಮಸಿ ಸರಿಯಾಗಿ ಅದರ ಮೇಲೇ ಕೂತಿತ್ತು. ಇಡೀ ಸ್ಟಾಂಪಿನಲ್ಲಿ ಬೇರೆ ಜಾಗವೇ ಸಿಗಲಿಲ್ಲವೇನೋ ಆ ಗುಮಾಸ್ತನಿಗೆ!

ಕವರ್ ಜಪಾನಿನ ಯೊಕೊಹಾಮಾದಿಂದ ನ್ಯೂಯಾರ್ಕಿಗೆ ಹೋದದ್ದು. ಯೊಕೊಹಾಮಾದಲ್ಲಿದ್ದ ಅಮೆರಿಕದ ಅಂಚೆ ಏಜೆನ್ಸಿಯಲ್ಲಿ ಹಾಕಿ, ಪೆಸಿಫಿಕ್ ಮೇಲ್ ಕಂಪನಿಯ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ್ದು. ಅರ್ಧ ಔನ್ಸಿಗೆ ಹತ್ತು ಸೆಂಟು, ದರ ಸರಿಯಾಗಿದೆ. ವರ್ಷ ಮಾತ್ರ ಎಲ್ಲೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಠಸ್ಸೆಯಲ್ಲಿ ಇರುವುದು ತಿಂಗಳು, ತಾರೀಖು ಅಷ್ಟೇ: ನವೆಂಬರ್. ಆ ಕಾಲದ ಅಮೆರಿಕದ ಠಸ್ಸೆಗಳಲ್ಲಿ ಇದು ಮಾಮೂಲು. ಯೊಕೊಹಾಮಾ ಠಸ್ಸೆ ಅರ್ಧ ಮಾತ್ರ ಮೂಡಿದೆ. ಒಳಗೆ ಪತ್ರವೂ ಇಲ್ಲ.

ಏಜೆನ್ಸಿ ಇದ್ದದ್ದು 1867ರಿಂದ 1874ರ ಕೊನೆಯವರೆಗೆ. ಅಂದರೆ ಎಂಟು ನವೆಂಬರ್. ಸ್ಟಾಂಪಿನ ಈ ವಿನ್ಯಾಸ ಬಂದದ್ದು 1870ರಲ್ಲಿ, ಹಾಗಾಗಿ ಉಳಿದದ್ದು ಐದು. ಮಾರಿದ ವ್ಯಾಪಾರಿ ಹಿಂಬದಿಯಲ್ಲಿ ಪೆನ್ಸಿಲಿನಿಂದ 1870 ಎಂದೇ ಬರೆದುಬಿಟ್ಟಿದ್ದರು. ಆಧಾರ ಏನೆಂದು ಕೇಳಿದರೆ, ಸ್ಟಾಂಪು ಆ ವರ್ಷದ್ದು ಎಂಬ ಉತ್ತರ. ಸ್ಟಾಂಪಿನ ವಿನ್ಯಾಸ ಬಂದ ವರ್ಷ ಬೇರೆ, ಕವರ್ ಹಡಗು ಹತ್ತಿದ ವರ್ಷ ಬೇರೆ ಅಲ್ವಾ? ನೂರೈವತ್ತು ವರ್ಷ ಬಾಳಿದ ಕಾಗದದ ಮೇಲೆ ಊಹೆ ಗೀಚುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಕೊಳ್ಳುವ ಮುಂಚೆ ಹಿಂಬದಿಯ ಸ್ಕ್ಯಾನ್ ಕಳಿಸಿ ಎಂದರೂ ಕಳಿಸಿರಲಿಲ್ಲ.

ಸ್ಟಾಂಪನ್ನು ನೀರಿಗೆ ಹಾಕಿ ಬಿಡಿಸುವ ಮಾತೇ ಇಲ್ಲ. ಬಿಡಿಸಿದರೆ ಕವರ್ ಸತ್ತಂತೆ. ಹಾಗಾಗಿ ಗ್ರಿಲ್, ಅಂದರೆ ಕಾಗದದಲ್ಲಿ ಒತ್ತಿದ ಸಣ್ಣ ಚುಕ್ಕಿಗಳ ಜಾಲ, ಇದೆಯೋ ಇಲ್ಲವೋ ಎಂದು ಬೆನ್ನು ನೋಡುವಂತಿಲ್ಲ. ಉಳಿದ ದಾರಿ ಗುಪ್ತ ಗುರುತು, ಅಂದರೆ ಯಾವ ಕಂಪನಿ ಅಚ್ಚು ಹಾಕಿದ್ದೆಂದು ಹೇಳುವ, ವಿನ್ಯಾಸದಲ್ಲಿ ಅಡಗಿದ ಸಣ್ಣ ಬದಲಾವಣೆ. 1873ರ ಮೇ 1ರಿಂದ ಮುದ್ರಣದ ಕೆಲಸ ನ್ಯಾಷನಲ್ ಬ್ಯಾಂಕ್ ನೋಟ್ ಕಂಪನಿಯಿಂದ ಕಾಂಟಿನೆಂಟಲ್ ಕಂಪನಿಗೆ ಹೋಯಿತು. ಹತ್ತು ಸೆಂಟಿನಲ್ಲಿ ಅವರ ಗುರುತೇ ಈ ಅರ್ಧಚಂದ್ರ.

ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ಬರೀ ಕಪ್ಪು. ಸ್ಕ್ಯಾನ್ ಮಾಡಿ ಬಣ್ಣ ಬೇರ್ಪಡಿಸಿದೆ, ಆಗಲೂ ಕಪ್ಪು. ಆಮೇಲೆ ಹೊಳೆದದ್ದು ಮುದ್ರಣದ ವಿಧಾನ. ಇವು ಕೆತ್ತಿದ ತಗಡಿನಿಂದ ಅಚ್ಚಾದವು. ಸ್ಟಾಂಪಿನ ಮಸಿ ಕಾಗದದಿಂದ ಒಂಚೂರು ಎದ್ದು ನಿಂತಿರುತ್ತದೆ, ಠಸ್ಸೆಯ ಮಸಿ ಮಾತ್ರ ಚಪ್ಪಟೆ. ದೀಪ ಆರಿಸಿ, ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಬಿಟ್ಟೆ. ಇಳಿಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ಕಾಣುವ ಹಾಗೆ ಗೆರೆಗಳು ಎದ್ದವು. ಟಾರ್ಚನ್ನು ಸುತ್ತ ತಿರುಗಿಸುತ್ತಾ ಹೋದೆ. ಎಡಗಡೆಯಿಂದ ಬೆಳಕು ಬಿದ್ದಾಗ ಅರ್ಧಚಂದ್ರ ಚೆನ್ನಾಗಿ ಕಂಡಿತು. ನಿಮ್ಮಲ್ಲೂ ಇಂಥ ಮುಚ್ಚಿಹೋದ ಸ್ಟಾಂಪಿದ್ದರೆ ಇದನ್ನು ಮೊದಲು ಮಾಡಿ ನೋಡಿ.

ಹಾಗಾದರೆ 1873ರ ನವೆಂಬರ್, ಇಲ್ಲವೇ 1874ರ ನವೆಂಬರ್. ಇನ್ನು ಯಾವ ಹಡಗು? ಪೆಸಿಫಿಕ್ ಮೇಲ್‌ನ 'ಅಮೆರಿಕ' ಹಡಗು 1872ರ ಆಗಸ್ಟಿನಲ್ಲೇ ಯೊಕೊಹಾಮಾ ಬಂದರಿನಲ್ಲಿ ಸುಟ್ಟುಹೋಗಿತ್ತು, ಅದನ್ನು ಬಿಡಬಹುದು. 'ಗ್ರೇಟ್ ರಿಪಬ್ಲಿಕ್', 'ಚೈನಾ', 'ಜಪಾನ್' ಇನ್ನೂ ಓಡುತ್ತಿದ್ದವು. ಠಸ್ಸೆಯ ತಾರೀಖಿಗೆ ಯಾವ ವರ್ಷದಲ್ಲಿ ಯಾವ ಹಡಗು ಬಂತೆಂದು ತಿಳಿಯಲು ಈಗ ಸ್ಯಾನ್ ಫ್ರಾನ್ಸಿಸ್ಕೊದ ಡೈಲಿ ಆಲ್ಟಾ ಕ್ಯಾಲಿಫೋರ್ನಿಯ ಪತ್ರಿಕೆಯ ಬಂದರು ಸುದ್ದಿ ತಿರುವಬೇಕು. ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತದೆ. ಒಂದು ಎಚ್ಚರ: ಪೂರ್ವಕ್ಕೆ ಹೋಗುವ ಹಡಗು ದಿನರೇಖೆ ದಾಟುವಾಗ ಒಂದೇ ತಾರೀಖನ್ನು ಎರಡು ಸಲ ಕಾಣುತ್ತದೆ. ಯೊಕೊಹಾಮಾ ಬಿಟ್ಟ ದಿನ ಹುಡುಕುವಾಗ ಸುಮ್ನೆ ತಾರೀಖು ಕಳೆದರೆ ಒಂದು ದಿನ ತಪ್ಪುತ್ತದೆ.

ಇಷ್ಟರಲ್ಲೇ ಮನಸ್ಸು ಫ್ರೆಂಚರ ಕಡೆ ಓಡಿದೆ! ಯೊಕೊಹಾಮಾದ ಫ್ರೆಂಚ್ ಅಂಚೆ ಕಚೇರಿ ಶುರುವಾದದ್ದು 1865ರಲ್ಲಿ. ಯುರೋಪಿನಲ್ಲಿ ರೇಷ್ಮೆ ಹುಳುಗಳಿಗೆ ಪೆಬ್ರಿನ್ ರೋಗ ಬಡಿದಿದ್ದ ಕಾಲ ಅದು. ಜಪಾನಿನಿಂದ ಮೊಟ್ಟೆಯ ಹಾಳೆಗಳನ್ನೂ ರೇಷ್ಮೆಯನ್ನೂ ಕೊಳ್ಳಲು ಫ್ರಾನ್ಸಿನ ಲಿಯಾನ್ ಮತ್ತು ಇಟಲಿಯ ವ್ಯಾಪಾರಿಗಳು ಮುಗಿಬಿದ್ದಿದ್ದರು. ರೇಷ್ಮೆ ಬೆಳೆಯುವ ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಈ ರೋಗದ ಹೆಸರು ಹೊಸದಲ್ಲ. ಆ ಫ್ರೆಂಚ್ ಕಚೇರಿಯ 5118 ಎಂಬ ಅಂಕಿಯ ಠಸ್ಸೆ ಬಿದ್ದ, ಲಿಯಾನ್ ವಿಳಾಸದ ಒಂದು ಕವರ್ ನನಗೆ ಬೇಕೇ ಬೇಕು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುಂಚಿನದಾದರೆ ಇನ್ನೂ ಖುಷಿ. ಆಗ ಅಂಚೆ ಚೀಲಗಳನ್ನು ಸೂಯೆಜಿನಲ್ಲಿ ಇಳಿಸಿ, ರೈಲಿನಲ್ಲಿ ಅಲೆಕ್ಸಾಂಡ್ರಿಯಕ್ಕೆ ಒಯ್ದು, ಮತ್ತೆ ಹಡಗು ಹತ್ತಿಸಬೇಕಿತ್ತು. ಯಾರ ಬಳಿಯಾದರೂ ಇದ್ದರೆ ತಿಳಿಸಿ. ದಯವಿಟ್ಟು ಎರಡೂ ಬದಿಯ ಸ್ಕ್ಯಾನ್ ಕಳಿಸಿ.