ಮೂರನೇ ಬತ್ತಿಯ ಭಾನುವಾರ

ಚಿತ್ರದುರ್ಗ, 14 ಡಿಸೆಂಬರ್ 2025, ಭಾನುವಾರ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯೇ ಕಥೋಲಿಕರ ಆಗಮನ ಕಾಲ; ಇವತ್ತು ಅದರ ಮೂರನೇ ವಾರ, ಹರ್ಷದ ಭಾನುವಾರ. ಗುಲಾಬಿ ಬಣ್ಣದ ಪೂಜಾವಸ್ತ್ರ ಬೀರುವಿನಿಂದ ಹೊರಗೆ ಬರುವುದು ವರ್ಷಕ್ಕೆ ಎರಡೇ ಸಲ: ಇವತ್ತು, ಆಮೇಲೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಾಲ್ಕನೇ ಭಾನುವಾರ. ಅದಿಲ್ಲದ ಚರ್ಚಿನಲ್ಲಿ ನೇರಳೆಯೇ ನಡೆಯುತ್ತದೆ, ದೋಷವೇನಿಲ್ಲ. ಪೀಠಕ್ಕೆ ಒಂದಿಷ್ಟು ಹೂ ಇಡಬಹುದು, ವಾದ್ಯಗಳನ್ನು ತುಸು ಬಿಚ್ಚಿ ನುಡಿಸಬಹುದು. ಗಾಯನ ವೃಂದಗಳು ಎಡವುವುದು ಇಲ್ಲೇ. ಹರ್ಷ ಅಂದಕೂಡಲೇ ಮಹಿಮಾ ಗೀತೆ (ಗ್ಲೋರಿಯಾ) ಎತ್ತಿಬಿಡುತ್ತಾರೆ. ಈ ನಾಲ್ಕೂ ಭಾನುವಾರ ಅದಿಲ್ಲ, ಕ್ರಿಸ್ಮಸ್ ರಾತ್ರಿಯ ಪೂಜೆಗೆಂದು ಕಾದಿಟ್ಟದ್ದು. ಇನ್ನು ಕೆಲವರು ಉಲ್ಟಾ: ತಪಸ್ಸು ಕಾಲ ಅಂದುಕೊಂಡು ಅಲ್ಲೆಲೂಯಾವನ್ನೂ ಬಿಡುತ್ತಾರೆ. ಅದನ್ನು ಬಿಡುವ ಹಾಗಿಲ್ಲ.

ಈ ವರ್ಷ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ನಮ್ಮ ಸೀಮೆಗೇ ಬರೆದ ಹಾಗಿವೆ. ಯೆಶಾಯ 35ರಲ್ಲಿ ಒಣನೆಲ ಹೂ ಬಿಟ್ಟು ನಲಿಯುತ್ತದೆ. ಯಕೋಬ 5:7ರಲ್ಲಿ ರೈತ ಎರಡು ಮಳೆಗೆ ತಾಳ್ಮೆಯಿಂದ ಕಾಯುತ್ತಾನೆ. ಬೈಬಲ್ಲಿನ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್–ನವೆಂಬರಿನ ಬಿತ್ತನೆಗೆ, ಕಡೆಯ ಮಳೆ ಮಾರ್ಚ್–ಏಪ್ರಿಲಿನಲ್ಲಿ ಕಾಳು ಬಲಿಯುವುದಕ್ಕೆ. ನಮ್ಮ ಮುಂಗಾರು–ಹಿಂಗಾರಿನ ಲೆಕ್ಕ ಬೇರೆ, ಕಾಯುವ ಪಾಡು ಒಂದೇ. ತುರುವನೂರು ಕಡೆಯ ಎರೆ ಹೊಲದಲ್ಲಿ ಡಿಸೆಂಬರ್ ನಡುವಿಗೆ ಕಡಲೆ ಹೂವಿನಲ್ಲಿರುತ್ತದೆ. ಮುಂಜಾನೆ ಗಿಡದ ಮೇಲೆ ಬಿಳಿ ಬಟ್ಟೆ ಎಳೆದರೆ ಇಬ್ಬನಿಯ ಜೊತೆ ಹುಳಿಯೂ ಹತ್ತುತ್ತದೆ. ಕಾಯಿ ಇನ್ನೂ ತುಂಬಿಲ್ಲ, ಕಾಯಿಕೊರಕದ ಭಯ ಬೇರೆ. ಇವತ್ತಿನ ಸ್ತುತಿ ಆ ಹಂತದ್ದು, ಕಣದ ಸುಗ್ಗಿಯದಲ್ಲ. ಶುಭಸಂದೇಶದಲ್ಲೂ (ಮತ್ತಾಯ 11) ಸ್ನಾನಿಕ ಯೊವಾನ್ನ ಸೆರೆಮನೆಯೊಳಗಿಂದಲೇ ಯೇಸುವನ್ನು ಕೇಳಿ ಕಳಿಸುತ್ತಾನೆ: ಬರಬೇಕಾದವರು ನೀವೇನಾ?

ಮನೆಯ ಆಗಮನ ಚಕ್ರಕ್ಕೆ, ಅಂದರೆ ಹಸಿರು ಸೊಪ್ಪಿನ ದುಂಡು ಮಾಲೆಗೆ, ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ; ವಾರಕ್ಕೊಂದು ಹೊಸದು ಸೇರುತ್ತದೆ, ಹಳೆಯವೂ ಉರಿಯುತ್ತವೆ. ಇವತ್ತು ಹಚ್ಚುವುದು ಗುಲಾಬಿ. ನೋಡಲು ಚೆಂದವೆಂದು ಅದನ್ನು ಕೊನೆಯ ವಾರಕ್ಕೆ ಉಳಿಸುವ ಮನೆಗಳಿವೆ, ಅದು ತಪ್ಪು. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಯೇ ಸಾಕು, ಬುಡಕ್ಕೆ ಬಣ್ಣದ ಕಾಗದ ಸುತ್ತಿ. ಮೇಲ್ಗಡೆ ರಿಬ್ಬನ್ ಕಟ್ಟಿದರೆ ಬತ್ತಿ ಇಳಿದಂತೆ ಬೆಂಕಿ ತಗಲುತ್ತದೆ. ದಿನಕ್ಕೆ 15 ನಿಮಿಷ ಉರಿಸಿದರೆ, ನವೆಂಬರ್ 30ರಿಂದ ಡಿಸೆಂಬರ್ 24ರವರೆಗೆ ಮೊದಲ ಬತ್ತಿಗೆ 25 ದಿನ, ಅಂದರೆ ಆರೂಕಾಲು ಗಂಟೆ. ಎರಡನೆಯದಕ್ಕೆ ನಾಲ್ಕೂವರೆ, ಮೂರನೆಯದಕ್ಕೆ ಎರಡೂ ಮುಕ್ಕಾಲು, ನಾಲ್ಕನೆಯದಕ್ಕೆ ಬರೀ ಒಂದು ಗಂಟೆ. ಸಣ್ಣ ಬತ್ತಿ ಮೊದಲ ಜಾಗದಲ್ಲಿ ನಿಂತರೆ ಕ್ರಿಸ್ಮಸ್ ಮುಟ್ಟುವುದಿಲ್ಲ. ನಾಲ್ಕೂ ಏರುಪೇರಾಗಿ ಕಾಣುವುದೇ ಸರಿಯಾದ ಲಕ್ಷಣ. ದುರ್ಗದ ಒಣಗಾಳಿಗೆ ಸರ್ವೆ ಸೊಪ್ಪು ಬೇಗ ಗರಿಗರಿಯಾಗಿ ಹೊತ್ತಿಕೊಳ್ಳುವಂತಾಗುತ್ತದೆ. ಹಿತ್ತಾಳೆ ತಟ್ಟೆಯಲ್ಲಿ ಒದ್ದೆ ಮರಳು ಹಾಕಿ ಬತ್ತಿ ನೆಡಿ, ಸೊಪ್ಪು ಬದಲಿಸುತ್ತಿರಿ, ಫ್ಯಾನ್ ಆರಿಸಿ.

ಪ್ರಾರ್ಥನೆಗೂ ಆ 15 ನಿಮಿಷವೇ ಅಳತೆ. ಮೊದಲು ಕೀರ್ತನೆ 146, ಇವತ್ತಿನ ಪೂಜೆಯದೇ. ಹತ್ತು ಚರಣಗಳು; ಎರಡು ಗುಂಪಾಗಿ ಒಂದೊಂದು ಚರಣ ಹೇಳಿ, ನಡುವೆ ಉಸಿರು ಬಿಡಿ. ಅದರ ಕಟ್ಟು ನೋಡಿ: ಮೊದಲು ದೇವರನ್ನೇ ಹೊಗಳುತ್ತದೆ, ಆಮೇಲೆ ಆತ ಮಾಡುವುದನ್ನು ಎಣಿಸುತ್ತದೆ. ಹಸಿದವರಿಗೆ ಅನ್ನ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು, ಪರದೇಶಿಗೆ ಆಸರೆ. ಮನೆಯವರ ಕೃತಜ್ಞತೆಯೂ ಹಾಗೇ ಹೆಸರು ಹಿಡಿದು ಬರಬೇಕು. "ಎಲ್ಲಾದಕ್ಕೂ ವಂದನೆ ಸ್ವಾಮಿ" ಅಂದರೆ ಯಾವುದಕ್ಕೂ ಅಲ್ಲ. "ಅಜ್ಜಿ ಮಂಡಿನೋವು ತಗ್ಗಿ ಎದ್ದು ಓಡಾಡಿದಳು, ವಂದನೆ" ಅನ್ನಿ. ಒಬ್ಬರಿಗೆ ಒಂದೇ ವಾಕ್ಯ. ಕೊಡು, ಕಾಪಾಡು, ನೆರವೇರಿಸು ಬಂದರೆ ಅದು ಬೇಡಿಕೆ. ಬೇಡಿಕೆಗೆ ಕೊನೆಯ ಮೂರು ನಿಮಿಷ ಇದ್ದೇ ಇದೆ. ನಮ್ಮವರಿಗೆ ಈ ಒಂದು ಶಿಸ್ತೇ ಕಷ್ಟ, ಎರಡನೇ ವಾಕ್ಯಕ್ಕೇ ಮಗನ ನೌಕರಿ ನುಗ್ಗುತ್ತದೆ.

ಮುಗಿಸುವುದು ಯೇಸುವಿನ ತಾಯಿ ಮರಿಯಳ ಸ್ತುತಿಗೀತೆಯಿಂದ, ಲೂಕ 1:46–55. ಅಲ್ಲಿ ಹಸಿದವರು ಆಗಲೇ ಉಂಡಾಗಿದೆ, ಬಲಿಷ್ಠರು ಗದ್ದುಗೆಯಿಂದ ಇಳಿದಾಗಿದೆ. ಮಗು ಇನ್ನೂ ಹುಟ್ಟಿಲ್ಲ. ಕಾಯಿ ಕಟ್ಟುವ ಮುಂಚಿನ ವಂದನೆ ಅಂದರೆ ಇದೇ. ಬುಧವಾರ, 17ರಿಂದ 23ರವರೆಗೆ ಸಂಜೆ ಪ್ರಾರ್ಥನೆಯಲ್ಲಿ ಈ ಗೀತೆಗೆ ದಿನಕ್ಕೊಂದು ಪಲ್ಲವಿ: ಮೊದಲ ದಿನ ದೇವರ ಜ್ಞಾನವನ್ನು ಕರೆಯುತ್ತೇವೆ, ಕೊನೆಯ ದಿನ ಇಮ್ಮಾನುವೇಲನನ್ನು (ದೇವರು ನಮ್ಮೊಂದಿಗೆ). ಏಳನ್ನೂ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಚಕ್ರದ ಪಕ್ಕ ಅಂಟಿಸಿ, ಮೇಣದ ಬೆಳಕಿಗೆ ಸಣ್ಣಕ್ಷರ ಕಾಣುವುದಿಲ್ಲ.